ತಾಮ್ರಫಲಕದ ಭೂದೃಶ್ಯಗಳೂ ಅವುಗಳ ಪ್ರಾಮಾಣ್ಯವೂ

ಕನ್ನಡನಾಡಿನ ಚರಿತ್ರೆಯನ್ನು ನಿರೂಪಿಸುವ ಗ್ರಂಥಗಳಲ್ಲಿ ಬೆಂಗಳೂರಿನ ಹಳೆಯ ಕೋಟೆ, ಸಾವನದುರ್ಗ, ಶ್ರೀರಂಗಪಟ್ಟಣ ಮುಂತಾದ ಸ್ಥಳಗಳ ಹಳೆಯ ಅಚ್ಚಿನ ಚಿತ್ರಗಳು ಪದೇ ಪದೇ ಕಾಣಬರುತ್ತವೆ. ಶಾಸನವೊಂದನ್ನು ಉದಾಹರಿಸುವಾಗ ಅದರ ಕಾಲವೇನು, ಲಿಪಿ ಯಾವುದು, ಪಾಠ ಶುದ್ಧವೇ, ಕೂಟಶಾಸನವೇ ಎಂಬುದನ್ನೆಲ್ಲ ವಿಮರ್ಶಿಸುವ ವಿದ್ವಾಂಸರೇ ಈ ಚಿತ್ರಗಳನ್ನು ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ ಅಂಗೀಕರಿಸುವುದುಂಟು. ಚಿತ್ರವು ಪ್ರತ್ಯಕ್ಷಕ್ಕೆ ಸಮಾನವೆಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಅಚ್ಚಾದ ಚಿತ್ರದಲ್ಲಿ ನೋಡುವವನಿಗೆ ಪ್ರತ್ಯಕ್ಷವಾಗುವುದು ಕಾಗದದ ಮೇಲಿನ ಮಸಿಯ ಗೆರೆ ಮಾತ್ರ. ಆ ಗೆರೆಯು ಸೂಚಿಸುವ ಬೆಟ್ಟವನ್ನೂ ಕೋಟೆಯನ್ನೂ ಕಂಡವನು ಬೇರೊಬ್ಬನು. ಅವನ ಮಾತನ್ನು ನಂಬುವಂತೆಯೇ ಅವನ ಗೆರೆಯನ್ನೂ ನಂಬಬೇಕಾಗಿರುವುದರಿಂದ, ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಂತಹ ಚಿತ್ರವು ಪ್ರತ್ಯಕ್ಷಕ್ಕಿಂತ ಶಬ್ದಪ್ರಮಾಣಕ್ಕೆ ಹತ್ತಿರವಾದುದು. ವಸ್ತುವನ್ನು ತಾನೇ ಕಂಡು, ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನು. ಆಪ್ತನ ಮಾತೇ ಪ್ರಮಾಣ. ಹಾಗಾದರೆ ಅಚ್ಚಿನ ಚಿತ್ರದ ಹಿಂದಿರುವ ಆಪ್ತನು ಯಾರು, ಅವನ ಸಾಕ್ಷ್ಯವು ಎಷ್ಟು ಕೈಗಳನ್ನು ದಾಟಿ ಬಂದಿದೆ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ನಿರ್ಣಯಿಸಲು, ಭೂದೃಶ್ಯಗಳನ್ನು ತಾಮ್ರದಲ್ಲಿ ಕೊರೆದು ಅಚ್ಚುಹಾಕುವ ಕಲೆಯು ಪ್ರೌಢಾವಸ್ಥೆಗೆ ಬಂದ 17ನೆಯ ಶತಮಾನದ ಯೂರೋಪಿನಿಂದ ಆರಂಭಿಸಿ, ಅದರ ಫಲವು ಕನ್ನಡನಾಡಿಗೆ ತಲುಪಿದ ಬಗೆಯನ್ನು ಅನುಸರಿಸಿ ನೋಡುವುದು ಯುಕ್ತವಾಗಿದೆ.

1. ಗೆರೆ ಮೂಡುವ ಬಗೆ

ತಾಮ್ರಫಲಕದಿಂದ ಚಿತ್ರವನ್ನು ತೆಗೆಯಲು ಆ ಕಾಲದಲ್ಲಿ ಮುಖ್ಯವಾಗಿ ಎರಡು ಮಾರ್ಗಗಳಿದ್ದುವು. ಮೊದಲನೆಯದು ಉಳಿಯ ಮಾರ್ಗ. ಇದರಲ್ಲಿ ಚೂಪಾದ ಉಕ್ಕಿನ ಉಳಿಯನ್ನು ಅಂಗೈಯಿಂದ ಒತ್ತಿ ನೂಕುತ್ತ ತಾಮ್ರವನ್ನೇ ಕಂಡರಿಸುತ್ತಾರೆ. ಇದಕ್ಕೆ ಅಕ್ಕಸಾಲಿಗನ ಕೈಯಂತೆ ಬಹುಕಾಲ ಪಳಗಿದ ಕೈ ಬೇಕು. ಎರಡನೆಯದು ಎಚಿಂಗ್ ಎಂಬ ಆಮ್ಲದ ಮಾರ್ಗ. ಇದರಲ್ಲಿ ಫಲಕಕ್ಕೆ ಮೇಣ ಮತ್ತು ರಾಳ ಸೇರಿದ ತೆಳುವಾದ ಲೇಪವನ್ನು ಬಳಿದು, ಲೇಪವನ್ನು ಮಾತ್ರ ಸೂಜಿಯಿಂದ ಗೀಚಿ ಚಿತ್ರವನ್ನು ಬರೆಯುತ್ತಾರೆ. ಅನಂತರ ಫಲಕವನ್ನು ಆಮ್ಲದಲ್ಲಿಟ್ಟರೆ ಲೇಪವು ಹೋದ ಎಡೆಯಲ್ಲಿ ಆಮ್ಲವು ತಾಮ್ರವನ್ನು ತಿನ್ನುತ್ತದೆ. ಹೆಚ್ಚು ಹೊತ್ತು ತಿಂದ ಗೆರೆ ಆಳವಾಗಿ, ಅಚ್ಚಿನಲ್ಲಿ ಕಪ್ಪಾಗಿ ಮೂಡುತ್ತದೆ. ದೂರದ ಬೆಟ್ಟವೂ ಆಕಾಶವೂ ತೆಳುವಾಗಿ ಕಾಣಬೇಕಾದರೆ ಆ ಭಾಗಕ್ಕೆ ಬೇಗನೆ ಅರಗಿನಂತಹ ಲೇಪವನ್ನು ಹಚ್ಚಿ ಆಮ್ಲವನ್ನು ತಡೆಯುತ್ತಾರೆ. ಕೊನೆಗೆ ಗೆರೆಗಳಲ್ಲಿ ಮಸಿಯನ್ನು ತುಂಬಿ, ಮೇಲ್ಮೈಯನ್ನು ಒರಸಿ, ನೆನೆಸಿದ ಕಾಗದವನ್ನು ಮೇಲಿಟ್ಟು ಎರಡು ಉರುಳೆಗಳ ನಡುವೆ ಹಾಯಿಸಿದರೆ ಚಿತ್ರವು ಕಾಗದಕ್ಕೆ ಇಳಿಯುತ್ತದೆ. ಫಲಕದಲ್ಲಿ ಎಡಕ್ಕಿದ್ದುದು ಕಾಗದದಲ್ಲಿ ಬಲಕ್ಕೆ ಬರುತ್ತದೆಂಬುದನ್ನು ಇಲ್ಲಿಯೇ ನೆನಪಿನಲ್ಲಿಡಬೇಕು.

ಜರ್ಮನಿಯ ಡ್ಯೂರರನು 1518ರಲ್ಲಿ ಫಿರಂಗಿಯೊಂದನ್ನು ಮುಂದಿಟ್ಟು ಬರೆದ ಭೂದೃಶ್ಯವು ಆಮ್ಲದಿಂದ ಕಬ್ಬಿಣದ ಫಲಕದಲ್ಲಿ ಮೂಡಿದುದು. ಸೂಜಿಯ ಗೆರೆಗೆ ಉಳಿಯ ಗೆರೆಯ ಬಿಗುವು ಬರುವಂತೆ ಗಟ್ಟಿಯಾದ ಲೇಪವನ್ನು ಬಳಕೆಗೆ ತಂದವನು ಫ್ರಾನ್ಸಿನ ಝಾಕ್ ಕಾಲೋ (1592-1635). ಅವನ ಪದ್ಧತಿಯನ್ನು ಅನುಸರಿಸಿ ಅಬ್ರಹಾಮ್ ಬೋಸನು 1645ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದ ಗ್ರಂಥವು ಈ ಕಲೆಗೆ ಲಕ್ಷಣಗ್ರಂಥವಾಯಿತು. ಉಳಿಯನ್ನು ಬಲ್ಲವನಿಗೆ ಮಾತ್ರ ಸಾಧ್ಯವಾಗಿದ್ದ ಫಲಕದ ಕೆಲಸವು ಲೇಖನಿಯನ್ನು ಬಲ್ಲ ಚಿತ್ರಕಾರನಿಗೂ ಸಾಧ್ಯವಾದುದು ಆಮ್ಲದ ಮಾರ್ಗದಿಂದಲೇ. ಮರದ ಎಲೆ, ಮೋಡ, ನೀರಿನ ಅಲೆ ಮುಂತಾದ ನಿಯತಾಕಾರವಿಲ್ಲದ ವಸ್ತುಗಳಿಗೆ ಸೂಜಿಯ ಸಲೀಸಾದ ಗೆರೆ ಬಹಳ ಒಪ್ಪುವುದರಿಂದ ಭೂದೃಶ್ಯವು ಎಚಿಂಗಿನ ಮುಖ್ಯ ವಿಷಯಗಳಲ್ಲೊಂದಾಯಿತು.

2. ಕುಬ್ಜನ ಕೈಯೂ ವೀರಣಾಚಾರ್ಯನ ಕೈಯೂ

ಇಲ್ಲಿ ಎರಡು ಬಗೆಯ ಕರ್ತೃಗಳನ್ನು ವಿಂಗಡಿಸಿ ತಿಳಿಯಬೇಕು. ಈ ವಿಂಗಡಣೆ ಕನ್ನಡನಾಡಿನ ಶಾಸನಗಳನ್ನು ಬಲ್ಲವರಿಗೆ ಹೊಸದಲ್ಲ. ಕದಂಬ ಶಾಂತಿವರ್ಮನ ಕಾಲದ ತಾಳಗುಂದದ ಸ್ತಂಭಶಾಸನದಲ್ಲಿ, ಕುಬ್ಜನೆಂಬ ಕವಿಯು ತಾನು ರಚಿಸಿದ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನೆಂದು ಹೇಳಿದೆ. ವಿಜಯನಗರದ ಅಚ್ಯುತರಾಯನ ಕಾಲದ ತಾಮ್ರಶಾಸನಗಳಲ್ಲಾದರೋ ಶ್ಲೋಕಗಳನ್ನು ರಚಿಸಿದವನು ಸಭಾಪತಿ. ತಾಮ್ರದಲ್ಲಿ ಕಂಡರಿಸಿದವನು ಮಲ್ಲಣನ ಮಗನಾದ ವೀರಣಾಚಾರ್ಯ. ಮೊದಲನೆಯದರಲ್ಲಿ ಅಕ್ಷರದೋಷವಿದ್ದರೆ ಅದು ಕವಿಯದೇ. ಎರಡನೆಯದರಲ್ಲಿ ಕವಿಯದೋ ರೂವಾರಿಯದೋ ಎಂದು ವಿಚಾರಿಸಬೇಕಾಗುತ್ತದೆ.

ಯೂರೋಪಿನ ತಾಮ್ರಚಿತ್ರಗಳಲ್ಲಿಯೂ ಈ ಭೇದವೇ ಇರುವುದು. ತಾನು ಕಂಡುದನ್ನು ಅಥವಾ ಕಲ್ಪಿಸಿದುದನ್ನು ತಾನೇ ಫಲಕಕ್ಕೆ ಇಳಿಸಿದ ಚಿತ್ರಕಾರರು ಒಂದು ವರ್ಗದವರು. ಬೇರೊಬ್ಬನ ವರ್ಣಚಿತ್ರವನ್ನೋ ರೇಖಾಚಿತ್ರವನ್ನೋ ಎದುರಿಗಿಟ್ಟುಕೊಂಡು ಅದರ ಪ್ರತಿಯನ್ನು ತಾಮ್ರದಲ್ಲಿ ಸಿದ್ಧಪಡಿಸಿದ ರೂವಾರಿಗಳು ಇನ್ನೊಂದು ವರ್ಗದವರು. ಈ ಎರಡನೆಯ ವರ್ಗದವರ ಕೆಲಸವನ್ನು ಪ್ರತಿಕೃತಿಮುದ್ರಣವೆಂದು ಕರೆಯಬಹುದು. ಅಚ್ಚಿನ ಕೆಳಗಿನ ಅಂಚಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಸಣ್ಣಗೆ ಕೊರೆದ ಮಾತುಗಳು ಇದನ್ನೇ ತಿಳಿಸುತ್ತವೆ. ‘ಪಿಂಕ್ಸಿಟ್’ ಎಂದರೆ ವರ್ಣಚಿತ್ರವನ್ನು ಬರೆದವನು, ‘ಡೆಲಿನಿಯಾವಿಟ್’ ಎಂದರೆ ರೇಖಾಚಿತ್ರವನ್ನು ತೆಗೆದವನು, ‘ಸ್ಕಲ್ಪ್‌ಸಿಟ್’ ಎಂದರೆ ಫಲಕವನ್ನು ಕೊರೆದವನು, ‘ಎಕ್ಸ್‌ಕುಡಿಟ್’ ಎಂದರೆ ಪ್ರಕಟಿಸಿದವನು. ಶಾಸನದ ಕೊನೆಯ ಸಾಲುಗಳಲ್ಲಿ ಕವಿ, ಲೇಖಕ, ರೂವಾರಿಗಳ ಹೆಸರಿರುವಂತೆಯೇ ಇದು. ಆದರೆ ಚಿತ್ರವನ್ನು ಗ್ರಂಥಗಳಲ್ಲಿ ಪುನಃ ಅಚ್ಚುಹಾಕುವವರು ಈ ಅಂಚನ್ನೇ ಮೊದಲು ಕತ್ತರಿಸಿಬಿಡುತ್ತಾರೆ. ಕರ್ತೃನಿರ್ಣಯಕ್ಕೆ ಇದ್ದ ಒಂದೇ ಸಾಧನವು ಹೀಗೆ ನಷ್ಟವಾಗುವುದು ಸಾಮಾನ್ಯ.

3. ಒಂದು ಚಿತ್ರದ ನಾಲ್ಕು ಪಾಠಗಳು

ಹಾಲೆಂಡಿನ ಹರ್ಕ್ಯುಲಿಸ್ ಸೇಗರ್ಸನು 17ನೆಯ ಶತಮಾನದ ಮೊದಲ ದಶಕಗಳಲ್ಲಿ ಬಂಡೆಗಳಿಂದ ತುಂಬಿದ ನಿರ್ಜನ ಕಣಿವೆಗಳನ್ನು ಆಮ್ಲದಿಂದ ಕೊರೆದನು. ಅವನು ಫಲಕದಿಂದ ತೆಗೆದ ಅಚ್ಚುಗಳು ಒಂದರಂತೆ ಒಂದಿಲ್ಲ. ಕೆಲವನ್ನು ಬಣ್ಣದ ಮಸಿಯಲ್ಲಿ, ಕೆಲವನ್ನು ಬಣ್ಣ ಬಳಿದ ಕಾಗದದ ಮೇಲೆ, ಕೆಲವನ್ನು ಬಟ್ಟೆಯ ಮೇಲೆ ತೆಗೆದನು; ಮೇಲೆ ಕುಂಚದಿಂದಲೂ ತಿದ್ದಿದನು. ಅವನು ವರ್ಣಚಿತ್ರಗಳನ್ನೇ ಅಚ್ಚುಹಾಕಿದನೆಂದು 1678ರಲ್ಲಿ ಹೂಗ್‌ಸ್ಟ್ರಾಟೆನನು ಬರೆದಿದ್ದಾನೆ. ಪ್ರತಿಗಳನ್ನು ಹೆಚ್ಚಿಸುವುದಕ್ಕಾಗಿಯೇ ಹುಟ್ಟಿದ ಕಲೆಯಲ್ಲಿ ಪ್ರತಿಯೊಂದು ಪ್ರತಿಯನ್ನೂ ಮೂಲವನ್ನಾಗಿ ಮಾಡಿದವನು ಈತನು.

ಇಂತಹವನೂ ಒಮ್ಮೆ ಪ್ರತಿಕಾರನಾದನು. ರೋಮಿನಲ್ಲಿದ್ದ ಜರ್ಮನ್ ಚಿತ್ರಕಾರ ಎಲ್ಸ್‌ಹೈಮರನು ಟೋಬಿಯಾಸನೆಂಬ ಬಾಲಕನೂ ದೇವದೂತನೂ ಜೊತೆಯಾಗಿ ನಡೆಯುತ್ತಿರುವ ಭೂದೃಶ್ಯವೊಂದನ್ನು ಬರೆದನು. ಹೆಂಡ್ರಿಕ್ ಗೌಟನು ಅದನ್ನು 1613ರಲ್ಲಿ ಉಳಿಯಿಂದ ತಾಮ್ರಕ್ಕಿಳಿಸಿದನು. ಎಲ್ಸ್‌ಹೈಮರನು 1610ರಲ್ಲಿಯೇ ತೀರಿಕೊಂಡಿದ್ದುದರಿಂದ ಈ ಪ್ರತಿಯನ್ನು ಅವನು ಕಾಣಲಿಲ್ಲ. ಗೌಟನ ಅಚ್ಚನ್ನು ನೋಡಿ ಸೇಗರ್ಸನು ತನ್ನ ಎಚಿಂಗನ್ನು ರಚಿಸಿದನು. ಸೇಗರ್ಸನ ಫಲಕವು ಮುಂದೆ ರೆಂಬ್ರಾಂಟನ ಕೈಸೇರಿತು. ಸುಮಾರು 1653ರಲ್ಲಿ ರೆಂಬ್ರಾಂಟನು ಅದೇ ತಾಮ್ರದ ಮೇಲೆ ದೇವದೂತನನ್ನೂ ಬಾಲಕನನ್ನೂ ಕೆರೆದು ಅಳಿಸಿ, ಆ ಎಡೆಯಲ್ಲಿ ಈಜಿಪ್ಟಿಗೆ ಓಡಿಹೋಗುವ ಮೇರಿ, ಜೋಸೆಫ್ ಮತ್ತು ಶಿಶುವಿನ ಚಿತ್ರವನ್ನು ಕೊರೆದನು. ಹಿಂದಿದ್ದ ಕಣಿವೆಯನ್ನೂ ಮರಗಳನ್ನೂ ಬಹುಮಟ್ಟಿಗೆ ಹಾಗೆಯೇ ಬಿಟ್ಟನು. ಅಳಿಸಿಹೋದ ದೇವದೂತನ ದೊಡ್ಡ ರೆಕ್ಕೆಯ ಗೆರೆಗಳು ಎಲೆಗಳ ನಡುವೆ ಇಂದಿಗೂ ಗುರುತಿಸುವಂತಿವೆ. ಹಳೆಯ ಶಾಸನವನ್ನು ಕೆತ್ತಿ ತೆಗೆದು ಹೊಸದನ್ನು ಬರೆಸಿದ ಕಲ್ಲಿನಲ್ಲಿ ಹಿಂದಿನ ಅಕ್ಷರದ ಕೊಂಬು ಉಳಿದಿರುವಂತೆ.

ಈ ಪರಂಪರೆಯಲ್ಲಿ ಮೂಲಚಿತ್ರವು ಕಳೆದುಹೋಗಿದೆಯೆಂದು ಕಲಾವಿದ್ವಾಂಸರ ಮತ. ಉಳಿದಿರುವುದು ಮೂರು ಕೈಗಳ ಮೂರು ಪಾಠಗಳು. ಮಾತೃಕೆ ನಷ್ಟವಾಗಿ ಪ್ರತಿಗಳು ಮಾತ್ರ ಉಳಿದಾಗ ಗ್ರಂಥಸಂಪಾದಕನು ಯಾವ ಮಾರ್ಗವನ್ನು ಹಿಡಿಯುತ್ತಾನೋ ಇಲ್ಲಿಯೂ ಅದೇ ಮಾರ್ಗ. ಗೌಟನ ಪ್ರತಿಯು ಮೂಲಕ್ಕೆ ಹತ್ತಿರ. ಆದುದರಿಂದ ಎಲ್ಸ್‌ಹೈಮರನನ್ನು ತಿಳಿಯಲು ಅದಕ್ಕೆ ಬೆಲೆ. ರೆಂಬ್ರಾಂಟನದು ಮೂಲದಿಂದ ದೂರ. ಕಲೆಯಾಗಿ ಅದು ಶ್ರೇಷ್ಠವಾದರೂ ಎಲ್ಸ್‌ಹೈಮರನ ವಿಷಯದಲ್ಲಿ ಅದರ ಸಾಕ್ಷ್ಯವು ದುರ್ಬಲ. ಸೌಂದರ್ಯವೂ ಪ್ರಾಮಾಣ್ಯವೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತಾನೇ ಕಂಡು ತಾನೇ ಕೊರೆದ ಚಿತ್ರವಾದರೂ ಸಂಪೂರ್ಣವಾಗಿ ನಂಬತಕ್ಕುದೆಂದು ಹೇಳುವಂತಿಲ್ಲ. ರೆಂಬ್ರಾಂಟನು ಸುಮಾರು 1640ರಲ್ಲಿ ಕೊರೆದ ಆಮ್‌ಸ್ಟರ್‌ಡ್ಯಾಮ್ ನಗರದ ದೃಶ್ಯದಲ್ಲಿ ಗೋಪುರಗಳ ಕ್ರಮವು ಎಡಬಲ ತಿರುವುಮುರುವಾಗಿದೆ. ಕಂಡಂತೆಯೇ ಫಲಕದಲ್ಲಿ ಬರೆದುದರಿಂದ ಅಚ್ಚಿನಲ್ಲಿ ಅದು ಕನ್ನಡಿಯ ಬಿಂಬವಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಬೊಹೀಮಿಯಾದ ವೆನ್ಸೆಸ್ಲಾಸ್ ಹೊಲಾರನು (1607-1677) 1647ರಲ್ಲಿ ಲಂಡನ್ ನಗರದ ದೀರ್ಘದೃಶ್ಯವನ್ನು ಪ್ರಕಟಿಸಿದನು. 1658ರಲ್ಲಿ ಅಚ್ಚಾದ ಡಗ್‌ಡೇಲನ ಗ್ರಂಥಕ್ಕಾಗಿ ಸಂತ ಪೌಲನ ಪ್ರಾರ್ಥನಾಮಂದಿರವನ್ನು ಫಲಕಕ್ಕಿಳಿಸಿದನು. 1666ರ ಅಗ್ನಿಯಲ್ಲಿ ಆ ಮಂದಿರವು ಸುಟ್ಟುಹೋಯಿತು. ಅದರ ಹಳೆಯ ರೂಪವನ್ನು ತಿಳಿಯಬೇಕೆಂದರೆ ಹೊಲಾರನ ಫಲಕಗಳೇ ಇಂದು ಮುಖ್ಯ ಆಧಾರ.

4. ಚಿತ್ರಸಮಯ

ಇದೇ ಶತಮಾನದಲ್ಲಿ ಪ್ರತಿಕೃತಿಮುದ್ರಣವು ದೊಡ್ಡ ವೃತ್ತಿಯಾಯಿತು. ಫ್ಲಾಂಡರ್ಸಿನ ರೂಬೆನ್ಸನ ಭೂದೃಶ್ಯಗಳನ್ನು ಬೋಲ್ಸ್‌ವರ್ಟನು ತಾಮ್ರಕ್ಕಿಳಿಸಿದುದರಿಂದ ಅವು ಅರಮನೆಗಳ ಗೋಡೆಯಿಂದ ಸಾಮಾನ್ಯರ ಕೈಗೆ ಬಂದುವು. ರೋಮಿನಲ್ಲಿ ನೆಲಸಿದ ಕ್ಲೋಡ್ ಲೊರೇನನು ತನ್ನ ವರ್ಣಚಿತ್ರಗಳನ್ನು ಇತರರು ಕೃತ್ರಿಮವಾಗಿ ಅನುಕರಿಸುತ್ತಿದ್ದುದನ್ನು ಕಂಡು, ಪ್ರತಿಯೊಂದರ ರೇಖಾಪ್ರತಿಯನ್ನೂ ಒಂದು ಪುಸ್ತಕದಲ್ಲಿ ದಾಖಲುಮಾಡಿಟ್ಟನು. ‘ಸತ್ಯದ ಪುಸ್ತಕ’ವೆಂಬ ಅರ್ಥದ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಒಂದು ಶತಮಾನಕ್ಕೂ ಮೇಲೆ ಲಂಡನ್ನಿನ ರಿಚರ್ಡ್ ಅರ್ಲಮನು ಅದನ್ನು ಫಲಕಗಳಲ್ಲಿ ಕೊರೆದು 1777ರ ವೇಳೆಗೆ ಪ್ರಕಟಪಡಿಸಿದನು. ಇಂಗ್ಲೆಂಡಿನ ಭೂದೃಶ್ಯಕಾರರಲ್ಲಿ ಅನೇಕರು ಕ್ಲೋಡನನ್ನು ತಿಳಿದುದು ಇಂತಹ ಅಚ್ಚುಗಳಿಂದ.

ಇದರ ಫಲವೇನೆಂದರೆ ಕ್ಲೋಡನ ರಚನಾಕ್ರಮವೇ ಒಂದು ಸಂಪ್ರದಾಯವಾಯಿತು. ಒಂದು ಪಕ್ಕದಲ್ಲಿ ಕಪ್ಪಾದ ದೊಡ್ಡ ಮರ, ಮುಂದುಗಡೆ ನೆರಳು ಮತ್ತು ಕೆಲವು ಸಣ್ಣ ಆಕೃತಿಗಳು, ನಡುವೆ ಬೆಳಕು ಬಿದ್ದ ನೀರು, ಅದರಾಚೆ ಮಸುಕಾಗುತ್ತ ಹೋಗುವ ಬೆಟ್ಟ ಎಂಬ ಈ ಕ್ರಮವು ಕವಿಗಳಲ್ಲಿ ಕವಿಸಮಯವಿದ್ದಂತೆ ಚಿತ್ರಕಾರರಲ್ಲಿ ಚಿತ್ರಸಮಯವಾಗಿ ನಿಂತಿತು. ಮಹಾಕಾವ್ಯದಲ್ಲಿ ಅಷ್ಟಾದಶ ವರ್ಣನೆಗಳಿರಬೇಕೆಂದು ಕವಿಯು ಪುರವರ್ಣನೆಯನ್ನು ಮಾಡುತ್ತಾನೆ; ಆ ವರ್ಣನೆಯನ್ನು ಓದಿ ಪಟ್ಟಣದ ಬೀದಿಗಳ ನಕ್ಷೆಯನ್ನು ಯಾವ ಚರಿತ್ರಕಾರನೂ ತೆಗೆಯುವುದಿಲ್ಲ. ಚಿತ್ರದಲ್ಲಿಯೂ ಸಮಯಕ್ಕಾಗಿ ಬಂದುದು ಯಾವುದು, ಕಂಡುದಕ್ಕಾಗಿ ಬಂದುದು ಯಾವುದು ಎಂದು ಬೇರ್ಪಡಿಸುವುದು ಅಷ್ಟೇ ಅವಶ್ಯ.

5. ಕನ್ನಡ ಕರಾವಳಿಯೂ ಮೈಸೂರಿನ ದುರ್ಗಗಳೂ

ಸೇಗರ್ಸನು ಹಾಲೆಂಡಿನಲ್ಲಿ ಫಲಕಗಳನ್ನು ಕೊರೆಯುತ್ತಿದ್ದ ಕಾಲದಲ್ಲಿಯೇ, ಅಂದರೆ 1623ರಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯು ಇಕ್ಕೇರಿಯನ್ನು ನೋಡಿ ಮಂಗಳೂರಿಗೆ ಬಂದನು. ಕದರಿಯ ಜೋಗಿಗಳ ಅರಸನನ್ನೂ ಉಳ್ಳಾಲದ ರಾಣಿ ಅಬ್ಬಕ್ಕದೇವಿಯನ್ನೂ ಕಂಡನು. ಅವನ ಭಾರತದ ಪತ್ರಗಳು 1663ರಲ್ಲಿ ಅಚ್ಚಾದುವು. ರಾಣಿಯ ಆಕಾರ, ನಡೆನುಡಿಗಳನ್ನು ಅವನು ಬಣ್ಣಿಸಿದುದು ಮಾತಿನಲ್ಲಿ. 1635ರಲ್ಲಿ ಪೋರ್ಚುಗೀಸರ ಅಂತೋನಿಯೊ ಬೊಕಾರೊ ತಮ್ಮ ಅರಸನಿಗಾಗಿ ಪೂರ್ವದೇಶದ ಕೋಟೆಗಳ ಗ್ರಂಥವನ್ನು ರಚಿಸಿದನು. ಅದಕ್ಕೆ ಬರೆತೊ ದ ರೆಝೆಂದೆಯ ಚಿತ್ರಗಳಿವೆ. ಮಂಗಳೂರು, ಬಸರೂರು, ಹೊನ್ನಾವರಗಳ ಕೋಟೆಗಳು ಅದರಲ್ಲಿ ಸೇರಿವೆ. ಆ ಗ್ರಂಥವು ರಾಜ್ಯಕಾರ್ಯಕ್ಕಾಗಿ ಬರೆದುದಾದುದರಿಂದ ಶತಮಾನಗಳವರೆಗೆ ಹಸ್ತಪ್ರತಿಯಾಗಿಯೇ ಉಳಿಯಿತು. ಡಚ್ಚರಲ್ಲಾದರೋ ಪುಸ್ತಕವ್ಯಾಪಾರವು ಪ್ರಬಲವಾಗಿತ್ತು. ಮಲಬಾರು ಮತ್ತು ಚೋಳಮಂಡಲ ತೀರಗಳನ್ನು ವರ್ಣಿಸುವ ಬಾಲ್ಡೇಯಸನ ಗ್ರಂಥವು 1672ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತಾಮ್ರಚಿತ್ರಗಳೊಡನೆ ಅಚ್ಚಾಯಿತು. ಅದೇ ವರ್ಷ ಏಷ್ಯಾದ ವಿಷಯವಾಗಿ ಚಿತ್ರಸಹಿತವಾದ ದೊಡ್ಡ ಗ್ರಂಥವನ್ನು ಹೊರತಂದ ಡ್ಯಾಪರನು ಈ ದೇಶಕ್ಕೆ ಕಾಲಿಟ್ಟವನೇ ಅಲ್ಲ. ಬಾಲ್ಡೇಯಸನು ಸಿಂಹಳದಲ್ಲಿಯೂ ದಕ್ಷಿಣ ಭಾರತದಲ್ಲಿಯೂ ವರ್ಷಗಟ್ಟಲೆ ಇದ್ದವನು. ಇಬ್ಬರ ಗ್ರಂಥಗಳೂ ಒಂದೇ ಅಂದದ ತಾಮ್ರಚಿತ್ರಗಳಿಂದ ಅಲಂಕೃತವಾಗಿದ್ದರೂ ಇಬ್ಬರ ಆಪ್ತತ್ವವೂ ಒಂದೇ ಅಲ್ಲ.

ಘಟ್ಟದ ಮೇಲಣ ಸೀಮೆಯ ಭೂದೃಶ್ಯಗಳು ಫಲಕಕ್ಕೇರಿ ವಿಶೇಷವಾಗಿ ಹರಡಿದುದು ಮೂರನೆಯ ಮೈಸೂರು ಯುದ್ಧದಿಂದ. 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆಯೂ, ಅಕ್ಟೋಬರಿನಲ್ಲಿ ನಂದಿದುರ್ಗವೂ, ಡಿಸೆಂಬರ್ 21ರಂದು ಸಾವನದುರ್ಗವೂ ಕಾರ್ನ್‌ವಾಲಿಸನ ಸೇನೆಯ ವಶವಾದುವು. ಸೇನೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮನ ಮೈಸೂರಿನ ದೃಶ್ಯಗಳೂ, ಸೇನಾಧಿಕಾರಿ ಅಲೆಗ್ಸಾಂಡರ್ ಅಲನನ ದೃಶ್ಯಗಳೂ 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದುವು. ಮೋಜಣಿಗಾರ ಕೋಲ್‌ಬ್ರುಕನ ಹನ್ನೆರಡು ದೃಶ್ಯಗಳೂ ಆ ದಶಕದವೇ. ಫಿರಂಗಿಪಡೆಯ ಅಧಿಕಾರಿ ಜೇಮ್ಸ್ ಹಂಟರನು 1792ರಲ್ಲಿಯೇ ತೀರಿಕೊಂಡನು. ಅವನ ರೇಖಾಚಿತ್ರಗಳನ್ನು ಪ್ರಕಾಶಕ ಎಡ್ವರ್ಡ್ ಓರ್ಮನು ಫಲಕಗಳಲ್ಲಿ ಕೊರೆಯಿಸಿ 1805ರಲ್ಲಿ ಹೊರಡಿಸಿದನು.

ಈ ಕಾಲಕ್ಕೆ ಎಚಿಂಗಿನ ಒಂದು ಭೇದವಾದ ಅಕ್ವಾಟಿಂಟ್ ಪದ್ಧತಿ ಬಳಕೆಗೆ ಬಂದಿತ್ತು. ಫಲಕದ ಮೇಲೆ ರಾಳದ ನುಣ್ಣನೆಯ ಪುಡಿಯನ್ನು ಉದುರಿಸಿ ಕಾಯಿಸಿ ಆಮ್ಲದಲ್ಲಿಟ್ಟರೆ ಗೆರೆಯ ಬದಲು ಕಣಕಣವಾದ ನೆರಳು ಮೂಡುತ್ತದೆ. ಅಚ್ಚಿನ ಮೇಲೆ ಕೈಯಿಂದ ಬಣ್ಣವನ್ನು ಹಚ್ಚಿದರೆ ಅದು ನೀರುಬಣ್ಣದ ಚಿತ್ರದಂತೆಯೇ ತೋರುತ್ತದೆ. ಹೀಗಾಗಿ ಹಂಟರನ ಶ್ರೀರಂಗಪಟ್ಟಣವನ್ನು ಇಂದು ನೋಡುವವನ ಎದುರಿಗೆ ಇರುವ ಕೈಗಳು ಹಲವು. ಸ್ಥಳವನ್ನು ಕಂಡು ಗೆರೆ ಎಳೆದವನ ಕೈ, ಫಲಕವನ್ನು ಸಿದ್ಧಪಡಿಸಿದ ಲಂಡನ್ನಿನ ರೂವಾರಿಯ ಕೈ, ಬಣ್ಣ ಹಚ್ಚಿದವನ ಕೈ ಇವೆಲ್ಲ ಅದರಲ್ಲಿ ಕೂಡಿವೆ. ಫಲಕದಲ್ಲಿ ಮೂಡಿದುದನ್ನು ನೋಡಿ ಇದು ಸರಿ, ಇದು ತಪ್ಪು ಎಂದು ಹೇಳಲು ಮೊದಲನೆಯವನು ಬದುಕಿರಲಿಲ್ಲ. ಇದಕ್ಕೆ ಎದುರಾಗಿ, 1795ರಿಂದ 1808ರವರೆಗೆ ಭಾರತದ 144 ದೃಶ್ಯಗಳನ್ನು ಪ್ರಕಟಿಸಿದ ಥಾಮಸ್ ಮತ್ತು ವಿಲಿಯಂ ಡೇನಿಯಲರು ತಾವೇ ಸಂಚರಿಸಿ, ತಾವೇ ಬರೆದು, ಫಲಕದ ಕೆಲಸವನ್ನೂ ತಾವೇ ನಿರ್ವಹಿಸಿದವರು. ಇವರು ಕುಬ್ಜನ ವರ್ಗಕ್ಕೆ ಸೇರಿದವರು. ಹಂಟರನ ಚಿತ್ರಗಳು ವೀರಣಾಚಾರ್ಯನ ವರ್ಗಕ್ಕೆ ಸೇರಿದುವು.

ಈ ವಿಚಾರವು ಕೇವಲ ಕಲಾಭಿಮಾನಿಗಳಿಗೆ ಸಂಬಂಧಿಸಿದುದಲ್ಲ. ಬೆಂಗಳೂರಿನ ಪೇಟೆಯ ಮಣ್ಣಿನ ಕೋಟೆಯೂ ಅದರ ಅಗಳೂ ಇಂದು ಇಲ್ಲ. ಕಲ್ಲಿನ ಕೋಟೆಯಲ್ಲಿ ದಿಲ್ಲಿ ಬಾಗಿಲು ಮತ್ತು ಅದರ ಸುತ್ತಣ ಸ್ವಲ್ಪ ಭಾಗ ಮಾತ್ರ ಉಳಿದಿದೆ. ಹೋದುದನ್ನು ತಿಳಿಯಲು ಯುದ್ಧಕಾಲದ ನಕ್ಷೆಗಳ ಜೊತೆಗೆ ಈ ಅಚ್ಚುಗಳೇ ಸಾಕ್ಷಿಗಳು. ಒಂದು ಬುರುಜು ಬಾಗಿಲಿನ ಎಡಕ್ಕಿತ್ತೇ ಬಲಕ್ಕಿತ್ತೇ, ಮುಂದುಗಡೆಯ ನೀರು ಕೆರೆಯೇ ಚಿತ್ರಸಮಯವೇ ಎಂಬುದನ್ನು ನಿರ್ಣಯಿಸದೆ ಅವನ್ನು ಆಧಾರವಾಗಿ ಹಿಡಿದರೆ ಚರಿತ್ರೆಯೇ ದಾರಿ ತಪ್ಪುವುದು.

6. ಮಂಗಳೂರಿನ ಕಲ್ಲಚ್ಚು

ರೂವಾರಿಯ ಕೈಯನ್ನು ನಡುವಿನಿಂದ ತೆಗೆದುಬಿಟ್ಟರೆ ಪ್ರತಿಯು ಮೂಲಕ್ಕೆ ಸಮನಾಗುವುದೇ? ಇದಕ್ಕೆ ಉತ್ತರವನ್ನು ಮಂಗಳೂರಿನ ಮುದ್ರಣಚರಿತ್ರೆಯಲ್ಲಿಯೇ ಕಾಣಬಹುದು. ಆಲೋಯಿಸ್ ಜೆನೆಫೆಲ್ಡರನು 18ನೆಯ ಶತಮಾನದ ಕೊನೆಯಲ್ಲಿ ಮ್ಯೂನಿಕ್ಕಿನಲ್ಲಿ ಕಂಡುಹಿಡಿದ ಕಲ್ಲಚ್ಚಿನಲ್ಲಿ ಕೊರೆತವೇ ಇಲ್ಲ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಲ್ಲನ್ನು ನೀರಿನಿಂದ ಒದ್ದೆಮಾಡಿದರೆ, ಅಚ್ಚಿನ ಮಸಿಯು ಜಿಡ್ಡಿರುವ ಎಡೆಗೆ ಅಂಟುತ್ತದೆ, ಒದ್ದೆಯಾದ ಎಡೆಯನ್ನು ಬಿಡುತ್ತದೆ. ಬರೆದವನ ಗೆರೆಯೇ ಅಚ್ಚಾಗುತ್ತದೆ. ಮಂಗಳೂರಿನಿಂದ ಪೂರ್ವಕ್ಕೆ ಪಡೀಲಿನ ಕಡೆ ಹೊರಟರೆ ಕಾಣುವ ನೆಲವು ಮುರಕಲ್ಲಿನದು. ಆ ಕಲ್ಲು ಮನೆ ಕಟ್ಟಲು ಹೇಳಿಮಾಡಿಸಿದಂತಿದೆಯಾದರೂ ತೂತುಗಳಿಂದ ತುಂಬಿದುದಾದುದರಿಂದ ಈ ಕೆಲಸಕ್ಕೆ ಒದಗದು. ಕಲ್ಲಚ್ಚಿಗೆ ಪ್ರಸಿದ್ಧವಾದುದು ಬವೇರಿಯಾದ ಜೋಲ್ನ್‌ಹೋಫೆನ್ ಎಂಬಲ್ಲಿಯ ಕಲ್ಲು.

ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ವು ಇದರಲ್ಲಿಯೇ ಅಚ್ಚಾಗಿ ಹೊರಟಿತು, 1844ರಲ್ಲಿ ಆ ಪತ್ರಿಕೆಯ ಮುದ್ರಣವು ಬಳ್ಳಾರಿಗೆ ಹೋಯಿತು. ಕನ್ನಡದ ಅಚ್ಚುಮೊಳೆಗಳು ಅದಕ್ಕೆ ಮುಂಚೆಯೇ ಇದ್ದುವು. ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಮಪುರದಲ್ಲಿ ಮೊಳೆಗಳಿಂದಲೇ ಅಚ್ಚಾಗಿತ್ತು. ಆದರೆ ಒತ್ತಕ್ಷರ ಗುಣಿತಾಕ್ಷರಗಳಿಗೆಲ್ಲ ಬೇರೆ ಬೇರೆ ಮೊಳೆಗಳನ್ನು ಎರಕಹೊಯ್ಯುವುದು ಬಹುವೆಚ್ಚದ ಕೆಲಸ. ಕಲ್ಲಚ್ಚಿಗೆ ಒಳ್ಳೆಯ ಅಕ್ಷರದ ಲಿಪಿಕಾರನೊಬ್ಬನಿದ್ದರೆ ಸಾಕು. ನೀಲಗಿರಿಯಲ್ಲಿ ನೆಲಸಿದ್ದ ನಿವೃತ್ತ ನ್ಯಾಯಾಧಿಕಾರಿ ಕ್ಯಾಸಮೇಜರನ ಧನಸಹಾಯದಿಂದ ಮೋಗ್ಲಿಂಗನು 1848ರಿಂದ ಹೊರಡಿಸಿದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದುವು ಕಲ್ಲಚ್ಚಿನಲ್ಲಿ ಬೆಳಕು ಕಂಡುವು.

ಈ ಪುಟಗಳು ನೋಡಲು ಹಸ್ತಪ್ರತಿಯಂತೆಯೇ ಇವೆ. ಸ್ವರೂಪದಲ್ಲಿಯೂ ಅವು ಅನೇಕವಾಗಿ ಹೆಚ್ಚಿದ ಹಸ್ತಪ್ರತಿಯೇ. ರೂವಾರಿಯಿಲ್ಲ, ಮೊಳೆ ಜೋಡಿಸುವವನಿಲ್ಲ. ಲಿಪಿಕಾರನು ಮಾತ್ರ ಇದ್ದಾನೆ. ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಓಲೆಗರಿಯ ಪರಂಪರೆಯಲ್ಲಿ ಹತ್ತು ಪ್ರತಿಗಳಿದ್ದರೆ ಹತ್ತು ಕೈಗಳಿರುತ್ತವೆ. ಒಂದರಲ್ಲಿ ತಪ್ಪಿದುದು ಇನ್ನೊಂದರಲ್ಲಿ ಸರಿಯಾಗಿದ್ದು ಪಾಠನಿರ್ಣಯಕ್ಕೆ ಸಹಾಯವಾಗುತ್ತದೆ. ಕಲ್ಲಿನ ಮೇಲೆ ಒಮ್ಮೆ ತಪ್ಪಾಗಿ ಬರೆದ ಅಕ್ಷರವು, ಯಾರಾದರೂ ಕಂಡು ಕಲ್ಲಿನಲ್ಲಿಯೇ ತಿದ್ದಿದ ಹೊರತು, ಎಲ್ಲ ಪ್ರತಿಗಳಲ್ಲಿಯೂ ತಪ್ಪಾಗಿಯೇ ಇರುತ್ತದೆ. ಆ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಫಲವಿಲ್ಲ. ನೂರು ಪ್ರತಿಗಳು ದೊರೆತರೂ ಅವು ನೂರು ಸಾಕ್ಷಿಗಳಲ್ಲ, ಒಬ್ಬನೇ ಸಾಕ್ಷಿಯ ನೂರು ಬಾರಿಯ ಹೇಳಿಕೆ.

7. ನಿರ್ಣಯ

ತಾಮ್ರಫಲಕದ ಭೂದೃಶ್ಯಕ್ಕೂ ಈ ನ್ಯಾಯವೇ ಅನ್ವಯಿಸುತ್ತದೆ. ಹೋಮನ ಸಾವನದುರ್ಗವು ಹತ್ತು ಗ್ರಂಥಗಳಲ್ಲಿ ಅಚ್ಚಾಗಿರುವುದರಿಂದ ಅದರ ಪ್ರಾಮಾಣ್ಯವು ಹತ್ತುಪಟ್ಟಾಗುವುದಿಲ್ಲ. ಅದನ್ನು ದೃಢಪಡಿಸಬೇಕಾದರೆ ಬೇರೆ ಕಣ್ಣಿನಿಂದ ಕಂಡ ಅಲನನ ಅಥವಾ ಕೋಲ್‌ಬ್ರುಕನ ಚಿತ್ರವೋ, ಮೋಜಣಿಯ ನಕ್ಷೆಯೋ, ಸ್ಥಳದಲ್ಲಿಯೇ ನಿಂತಿರುವ ಬಂಡೆಯೋ ಬೇಕು. ಫಲಕವು ಸವೆಯುತ್ತದೆ, ಸವೆದುದನ್ನು ಬೇರೆಯವರು ಮತ್ತೆ ಕೊರೆಯುತ್ತಾರೆ. ರೆಂಬ್ರಾಂಟನ ಫಲಕಗಳಲ್ಲಿ ಹಲವನ್ನು ಅವನು ತೀರಿಕೊಂಡ ನೂರು ವರ್ಷಗಳ ಮೇಲೆಯೂ ಇತರರು ತಿದ್ದಿ ಅಚ್ಚುಹಾಕಿದ್ದಾರೆ. ಆದುದರಿಂದ ಅಚ್ಚು ಯಾವ ಅವಸ್ಥೆಯ ಫಲಕದಿಂದ ಬಂದುದೆಂಬುದನ್ನೂ ನೋಡಬೇಕು.

ಶಾಸನಗಳ ವಿಷಯದಲ್ಲಿ ಕನ್ನಡ ವಿದ್ವಾಂಸರು ಈ ಮಾರ್ಗವನ್ನು ಬಹುಕಾಲದ ಹಿಂದೆಯೇ ಹಿಡಿದಿದ್ದಾರೆ. 1879ರಲ್ಲಿ ರೈಸರು ಪ್ರಕಟಿಸಿದ ಮೈಸೂರಿನ ಶಾಸನಗಳ ಸಂಪುಟಕ್ಕೆ ಮೇಜರ್ ಡಿಕ್ಸನನು ತೆಗೆಸಿದ್ದ ಛಾಯಾಚಿತ್ರಗಳು ಮುಖ್ಯ ಆಧಾರವಾಗಿದ್ದುವು. ಅನಂತರ ಕಲ್ಲಿನ ಮೇಲೆಯೇ ಕಾಗದವನ್ನು ಒತ್ತಿ ಮಸಿಯಿಂದ ತೆಗೆದ ಪಡಿಯಚ್ಚುಗಳು ರೂಢಿಗೆ ಬಂದ ಮೇಲೆ ಎಷ್ಟೋ ಹಳೆಯ ಪಾಠಗಳನ್ನು ತಿದ್ದಲಾಯಿತು. ಹಿಂದಿನ ಓದಿಗಿಂತ ಕಲ್ಲಿಗೆ ಹತ್ತಿರವಾದ ಪ್ರತಿಗೇ ಬೆಲೆಯೆಂಬ ನಿಯಮವನ್ನು ಅಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಅದೇ ನಿಯಮವನ್ನು ಚಿತ್ರಗಳಿಗೂ ಅನ್ವಯಿಸಬೇಕಾದರೆ ಮಾಡಬೇಕಾದುದು ಇಷ್ಟೆ. ಹಳೆಯ ಭೂದೃಶ್ಯವನ್ನು ಗ್ರಂಥದಲ್ಲಿ ಸೇರಿಸುವವರು ಅದರ ಅಂಚನ್ನು ಕತ್ತರಿಸದೆ ಅಚ್ಚುಹಾಕತಕ್ಕದ್ದು. ಕಂಡವನು ಯಾರು, ಬರೆದವನು ಯಾರು, ಕೊರೆದವನು ಯಾರು, ಯಾವ ವರ್ಷದ ಅಚ್ಚು ಎಂಬ ನಾಲ್ಕು ಸಂಗತಿಗಳನ್ನು ಕೆಳಗೆ ನಮೂದಿಸತಕ್ಕದ್ದು. ಮೂಲ ರೇಖಾಚಿತ್ರವು ಉಳಿದಿದ್ದರೆ ಅದರೊಡನೆ ಹೋಲಿಸಿ ಎಡಬಲಗಳನ್ನೂ ಪಾಠಾಂತರಗಳನ್ನೂ ಸೂಚಿಸತಕ್ಕದ್ದು. ಸಭಾಪತಿಯ ಶ್ಲೋಕಕ್ಕೂ ವೀರಣಾಚಾರ್ಯನ ಅಕ್ಷರಕ್ಕೂ ಸಲ್ಲುವ ವಿಮರ್ಶೆ ಹಂಟರನ ಗೆರೆಗೂ ಲಂಡನ್ನಿನ ರೂವಾರಿಯ ಫಲಕಕ್ಕೂ ಸಲ್ಲಬೇಕಾದುದು ನ್ಯಾಯ. ಹಾಗೆ ಪರೀಕ್ಷೆಗೆ ಒಳಗಾಗಿ ನಿಂತ ಚಿತ್ರವು, ಮಣ್ಣುಪಾಲಾದ ಕೋಟೆಗಳ ವಿಷಯದಲ್ಲಿ, ಶಾಸನಕ್ಕೆ ಸಮನಾದ ಪ್ರಮಾಣವೆಂದು ಒಪ್ಪಲು ಯಾವ ಅಡ್ಡಿಯೂ ಇರದು.